ಈಳಿಗೆಗೆ ಎದುರಾಗಿ ಬಂದ ಚಾಕು

ಗಂಡಸರು ಅಡುಗೆಮನೆಗೆ ಹೊಸ ಸಾಮಾನೊಂದನ್ನು ತಂದು, "ಇನ್ನ ನಿಮಗ ಆರಾಮ ನೋಡ್ರಿ" ಅಂದರೆ ಹೆಂಗಸರು ಸೆರಗು ಸಿಕ್ಕಿಸಿ ತಯಾರಾಗುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಪಂಪು ಹೊಡೆಯುವ ಸ್ಟೋವು ಬಂದಾಗ ಆಗಿದೆ, ಕುಕ್ಕರ್ ಬಂದಾಗ ಆಗಿದೆ. ಆದರೆ ಮಡಿಚುವ ಚಾಕು ಬಂದಾಗ ಆದಷ್ಟು ಯಾವಾಗಲೂ ಆಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಮ್ಮ ಯಜಮಾನರು ಗಂಗಾವತಿಯಲ್ಲಿ ಕಾಲುವೆ ಕೆಲಸದ ಓವರ್‌ಸಿಯರ್. ಅಕ್ಕಿ ಗಿರಣಿಗೆ ಬಂದಿದ್ದ ಪಂಜಾಬಿನ ಲಾರಿ ಡ್ರೈವರನೊಬ್ಬನ ಹತ್ತಿರ ಆ ಚಾಕು ಕೊಂಡರು. ಮಡಿಚಿದರೇ ಗೇಣುದ್ದ. ಹಿಡಿಕೆಗೆ ಹಿತ್ತಾಳೆಯ ಕಟ್ಟು. ಅಂಗಿಯ ಜೇಬಿನಲ್ಲಿಟ್ಟುಕೊಂಡರೆ ಅಂಗಿ ಒಂದು ಕಡೆ ಜೋತುಬಿದ್ದು, ಮನುಷ್ಯ ಓರೆಯಾಗಿ ನಡೆದಂತೆ ಕಾಣುತ್ತಿತ್ತು.

ಅದನ್ನು ಪರೀಕ್ಷೆ ಮಾಡುವುದಕ್ಕೆ ಅವರಿಗೆ ಕಾಲುವೆ ಸಾಲಲಿಲ್ಲ, ಮನೆಗೆ ತಂದರು. ಮನೆಯಲ್ಲಿ ಅತ್ತೆಯ ಈಳಿಗೆ ಇತ್ತು. ಅಳವಂಡಿಯ ತವರಿನಿಂದ ಸೊಸೆಯಾಗಿ ಬರುವಾಗ ಅವರ ಜೊತೆಗೇ ಬಂದದ್ದು. ಅದರ ಹಲಗೆ ಅವರ ಪಾದದ ಅಳತೆಗೆ ಸವೆದಿತ್ತು.

"ಯವ್ವಾ, ಒಂದು ತಿಂಗಳ ಪರೀಕ್ಷಾ. ಮನಿ ಕೆಲಸ ಎಲ್ಲಾ ಈ ಚಾಕು ಮಾಡಿತು ಅಂದ್ರ ನಿನ್ನ ಈಳಿಗಿ ಅಟ್ಟಕ್ಕ," ಅಂದರು ಇವರು.

"ಮಾಡಲಿಲ್ಲಂದ್ರ?"

"ಮಾಡತೈತಿ."

"ಮಾಡಲಿಲ್ಲಂದ್ರ ಅಂತ ಕೇಳಿದೆ."

"ಮಾಡಲಿಲ್ಲಂದ್ರ ನಾನ ಅಟ್ಟಕ್ಕ ಹೋಗ್ತೀನಿ, ತಗೋ!"

ಅತ್ತೆ ಈಳಿಗೆಯನ್ನು ಸೆರಗಿನಿಂದ ಒರೆಸಿ ಮೂಲೆಗಿಟ್ಟರು. ಅವರು ಇಷ್ಟು ಸುಲಭಕ್ಕೆ ಒಪ್ಪಿದರೆ ನನಗೆ ಯಾವಾಗಲೂ ಭಯ.

ಮಲಗಿದ ಚಾಕು

ಮೊದಲ ದಿನ ಸೌತೆಕಾಯಿ. ಚಾಕುವಿಗೆ ಸ್ಪ್ರಿಂಗು ಎಷ್ಟು ಬಿಗಿ ಅಂದರೆ, ಬಿಚ್ಚಲು ಹೋಗಿ ನನ್ನ ಹೆಬ್ಬೆರಳಿನ ಉಗುರು ಮುರಿಯಿತು. ಇವರೇ ಹಲ್ಲು ಕಚ್ಚಿ ಬಿಚ್ಚಿ, ಅತ್ತೆಯ ಮುಂದಿಟ್ಟು ಸ್ನಾನಕ್ಕೆ ಹೋದರು.

ಅತ್ತೆ ಜನ್ಮದಲ್ಲಿ ಚಾಕು ಕೈಯಲ್ಲಿ ಹಿಡಿದು ಹೆಚ್ಚಿದವರಲ್ಲ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಅದರ ಹತ್ತಿರ ಹೋಗುತ್ತದೆ. ಇಲ್ಲಿ ಕಾಯಿ ಸುಮ್ಮನೆ ಮಲಗಬೇಕು, ಚಾಕು ಅದರ ಮೇಲೆ ಬರಬೇಕು. ಅವರಿಗೆ ಇದು ನ್ಯಾಯ ಅನ್ನಿಸಲಿಲ್ಲ. ಅತ್ತ ಇತ್ತ ತಿರುಗಿಸಿ ನೋಡಿದರು. ಆಮೇಲೆ ಹಿಡಿಕೆಯನ್ನು ನೆಲಕ್ಕಿಟ್ಟು, ಅಲಗನ್ನು ಅರ್ಧ ಮಡಿಚಿ ನೆಟ್ಟಗೆ ನಿಲ್ಲಿಸಿ, ಹಿಡಿಕೆಯ ಮೇಲೆ ಕಾಲೂರಿ ಕೂತುಬಿಟ್ಟರು. ಥೇಟ್ ಈಳಿಗೆ!

ಇವರು ಟವೆಲ್ಲಿನಲ್ಲೇ ಓಡಿಬಂದರು. "ಯವ್ವಾ! ಅದು ತುಳಿಯೂದಲ್ಲ, ಹಿಡಿಯೂದು!"

ಅಷ್ಟರಲ್ಲಿ ಅತ್ತೆ ಸೌತೆಕಾಯಿ ಒತ್ತಿದ್ದರು. ಟಪ್ ಎಂದು ಅಲಗು ಹಿಂದಕ್ಕೆ ಅಂಗಾತ ಬಿತ್ತು. ಸೌತೆಕಾಯಿಗೆ ಗೀರೂ ಇಲ್ಲ.

ಅತ್ತೆ ಮಗನ ಮುಖ ನೋಡಿ ಅಂದರು: "ಕೆಲಸಾ ಅಂದಕೂಡ್ಲೆ ಮಲಕ್ಕೋತೈತಲ್ಲೋ ಯಪ್ಪಾ. ಯಾರನ್ನ ನೋಡಿ ಕಲ್ತೈತಿ?"

ಕುಂಬಳಕಾಯಿ

ಬಾಜೂ ಮನೆಯಲ್ಲಿ, ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪೊಂದರಿಂದ ಬಂದ ತೆಲುಗಿನ ಅಕ್ಕ ಇದ್ದರು. ತಮ್ಮ ಹಿತ್ತಲಿನ ಕುಂಬಳಕಾಯಿಯೊಂದನ್ನು ತಂದುಕೊಟ್ಟರು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಪೆಟ್ಟು ಹಾಕುವಂತಿಲ್ಲ, ಗಂಡಸೇ ಹಾಕಬೇಕು. ನಮ್ಮ ಕಡೆ ಅದೊಂದು ಪದ್ಧತಿ. ಉಳಿದ ಕೆಲಸಗಳಿಗೂ ಯಾರಾದರೂ ಇಂಥ ಪದ್ಧತಿ ಮಾಡಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಬಿ.ಎ. ಓದುವಾಗಿನಿಂದ ಅಂದುಕೊಂಡಿದ್ದೇನೆ.

ಇವರು ತೋಳು ಮಡಿಚಿ, ಎಲ್ಲರನ್ನೂ ದೂರ ಸರಿಸಿ, ಚಾಕು ಎತ್ತಿ ಹೊಡೆದರು. ಅಲಗು ಹಿಡಿಕೆಯ ತನಕ ಒಳಗೆ ಹೋಯಿತು. ಬರಲಿಲ್ಲ. ಎಳೆದರೆ ಕುಂಬಳಕಾಯಿಯೂ ಜೊತೆಗೇ ಎದ್ದು ಬರುತ್ತಿತ್ತು. ಕಾಲಲ್ಲಿ ಒತ್ತಿ ಹಿಡಿದು ಎಳೆದರು. ಬಾಜೂ ಮನೆಯ ಅಣ್ಣನವರೂ ಬಂದು ಎಳೆದರು. ಪದ್ಧತಿ ಪ್ರಕಾರ ನಾನೂ ಅತ್ತೆಯೂ ಕೈಕಟ್ಟಿ ನೋಡಿದೆವು. ಕೊನೆಗೆ ಇಬ್ಬರೂ ಸೇರಿ ಕುಂಬಳಕಾಯಿಯನ್ನು ಎತ್ತಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದರು. ಅದು ನಾಲ್ಕು ಹೋಳಾಗಿ ಚಾಕು ಹೊರಗೆ ಬಿತ್ತು.

ಆ ಸಂಜೆ, ಪರೀಕ್ಷೆಗೆಂದೇ ಇಟ್ಟಿದ್ದ ನೋಟ್‌ಬುಕ್ಕಿನಲ್ಲಿ ಇವರು ಬರೆದದ್ದನ್ನು ನಾನು ಕದ್ದು ನೋಡಿದೆ: "ಕುಂಬಳಕಾಯಿ: ಕೆಲಸ ತೃಪ್ತಿಕರ. ಎರಡರ ಬದಲು ನಾಲ್ಕು ಹೋಳು."

ಕೈಗೆ ಕೈ

ಚಾಕುವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಬಾರದು, ಜಗಳ ಆಗುತ್ತದೆ ಎಂದು ಅತ್ತೆಯ ನಂಬಿಕೆ. ನೆಲಕ್ಕಿಡಬೇಕು, ಇನ್ನೊಬ್ಬರು ತಗೊಳ್ಳಬೇಕು. "ಇಂಥಾವೆಲ್ಲಾ ಸುಳ್ಳು ಅಂತ ಸಾಬೀತು ಮಾಡ್ತೀನಿ," ಅಂತ ಇವರು ಅತ್ತೆಯ ಎದುರಿಗೇ ಚಾಕುವನ್ನು ನನ್ನ ಕೈಗೆ ಕೊಟ್ಟರು. ನಾನು ನೋಡಿದೆ: ಅಲಗಿಗೆ ಡಾಂಬರು ಮೆತ್ತಿದೆ.

"ಇದರ್ಲೆ ಏನ್ ಕೊಯ್ದೀರಿ?"

"ಡಾಂಬರ ಡಬ್ಬಿ ತೆಗೆದೆ. ತೊಳಕೋ."

"ನಾ ತೊಳೀಬೇಕಾ? ಸೀಮಿಎಣ್ಣಿ ಹಾಕಿ ತಿಕ್ಕಬೇಕು ಇದನ್ನ!"

ಅಲ್ಲಿಂದ ಮಾತು ಬೆಳೆದು, ನನ್ನ ತವರಿನವರ ತನಕ ಹೋಗಿ, ಕುಕ್ಕರಿಗೆ ಬಂದು, ಊಟದ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದೆವು. ಅತ್ತೆ ನಡುವೆ ಕೂತು ಇಬ್ಬರ ತಾಟಿಗೂ ರೊಟ್ಟಿ ಹಾಕುತ್ತ, "ನಾ ಏನೂ ಅನ್ನಂಗಿಲ್ಲಪಾ," ಅಂದರು. ಮುಖದ ಮೇಲೆ ಅಂಥ ಸಂತೋಷ ನಾನು ಮೊಮ್ಮಗಳು ಹುಟ್ಟಿದ ದಿನವಷ್ಟೇ ನೋಡಿದ್ದೆ.

ಅಟ್ಟ

ತಿಂಗಳು ಮುಗಿಯಿತು. ನೋಟ್‌ಬುಕ್ಕಿನ ಪ್ರಕಾರ ಚಾಕು ಎಲ್ಲದರಲ್ಲೂ ಪಾಸು. ಅತ್ತೆ ಹಟ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು, "ಆತಪಾ, ಮಾತು ಅಂದ್ರ ಮಾತು," ಅಂದವರೇ ಈಳಿಗೆಯನ್ನು ಒಳಗೆ ಒಯ್ದು, ಗೋಣಿಚೀಲದಲ್ಲಿ ಕಟ್ಟಿ ತಂದುಕೊಟ್ಟರು. ಇವರೇ ಅದನ್ನು ಅಟ್ಟಕ್ಕೆ ಹಾಕಿದರು. "ಹಳೇ ಕಬ್ಬಿಣ, ಏನ್ ವಜ್ಜಿ ಐತಿ!" ಅಂತ ಕೈ ಝಾಡಿಸಿಕೊಂಡರು.

ಪರೀಕ್ಷೆಯ ತಿಂಗಳು ಇವರಿದ್ದಾಗಷ್ಟೇ ಚಾಕು, ಉಳಿದಂತೆ ಈಳಿಗೆಯೇ ನಡೆಸಿತ್ತು; ಮರುದಿನ ಬೆಳಿಗ್ಗೆ ಚಾಕು ಬಿಚ್ಚುವವರಿಲ್ಲ. ನನ್ನ ಉಗುರು ಇನ್ನೂ ಬೆಳೆದಿರಲಿಲ್ಲ. ಅತ್ತೆ, "ನನ್ನ ಕೈಲೆ ಆಗಂಗಿಲ್ಲ, ವಯಸ್ಸಾತು," ಅಂದರು. ಬಿಚ್ಚಿಟ್ಟು ಹೋಗೋಣವೆಂದರೆ ಮನೆಯಲ್ಲಿ ಅಂಬೆಗಾಲಿನ ಮಗಳು. ಹೀಗಾಗಿ ಇವರೇ ಬಿಚ್ಚಿ, ಇವರೇ ಹೆಚ್ಚಿ, ಇವರೇ ಮಡಿಚಿ ಆಫೀಸಿಗೆ ಹೋಗುವುದೆಂದಾಯಿತು. ಹೊರಗಿನ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು, ಬದನೆಕಾಯಿ ಹೆಚ್ಚುವಾಗ ಕಾಲುವೆಯ ಆಳುಗಳು ಸಲಾಮು ಹೊಡೆದು ಹೋಗುತ್ತಿದ್ದರು. ಇವರು ಸಲಾಮಿಗೆ ಬದನೆಕಾಯಿ ಎತ್ತುತ್ತಿದ್ದರು. ಅತ್ತೆ ಮಾತ್ರ ಕೆಲಸವಿಲ್ಲದೆ ಬೇಜಾರೆಂದು ದಿನಾ ಮಧ್ಯಾಹ್ನ ಬಾಜೂ ಮನೆಗೆ ಹರಟೆಗೆ ಹೋಗತೊಡಗಿದರು. ಪಾಪ, ಈಳಿಗೆಯ ನೆನಪು ಮಾಸಲಿ ಅಂತ ನಾನೂ ಸುಮ್ಮನಿದ್ದೆ.

ಹದಿನೈದು ದಿನ ನಡೆಯಿತು. ಒಂದು ಭಾನುವಾರ ದೇವಿಯ ದರ್ಶನಕ್ಕೆಂದು ಹುಲಿಗಿಗೆ ಬಂದ ಅಳವಂಡಿಯ ನೆಂಟರು ಹದಿನಾಲ್ಕು ಮಂದಿ ಹಾಗೇ ನಮ್ಮ ಮನೆಗೆ ಬಂದಿಳಿದರು. ಅತ್ತೆ ಮಗನ ಮುಂದೆ ಒಂದು ಬುಟ್ಟಿ ಬದನೆಕಾಯಿ, ಒಂದು ಬುಟ್ಟಿ ಉಳ್ಳಾಗಡ್ಡಿ ತಂದಿಟ್ಟರು. ಅರ್ಧ ಬುಟ್ಟಿ ಉಳ್ಳಾಗಡ್ಡಿಗೇ ಇವರ ಹೆಬ್ಬೆರಳಿಗೆ ಬೊಬ್ಬೆ, ಕಣ್ಣಲ್ಲಿ ನೀರು. ಚಾಕು ಕೆಳಗಿಟ್ಟರು. ಯಾರ ಮುಖವನ್ನೂ ನೋಡದೆ ಏಣಿ ತಂದು ಹಚ್ಚಿದರು.

"ಎಲ್ಲಿಗ್ಯೋ?" ಅತ್ತೆ ಕೇಳಿದರು.

"ಅಟ್ಟಕ್ಕ."

"ಹೋಗಪಾ, ಹೋಗು. ಹೋಗ್ತೀನಿ ಅಂತ ಅಂದ ಇದ್ದಿ."

ನೆಂಟರೆಲ್ಲ ಕೆಳಗೆ ನಿಂತು ನೋಡುತ್ತಿದ್ದರು. ಇವರು ಮೇಲೆಯೇ ಗೋಣಿಚೀಲದ ಗಂಟು ಬಿಚ್ಚಿದರು. ಒಳಗೆ ಕೈಹಾಕಿ ಹೊರತೆಗೆದದ್ದು ತೂತುಬಿದ್ದ ಹಳೇ ರೊಟ್ಟಿ ಹಂಚು.

"ಯವ್ವಾ! ಈಳಿಗಿ ಎಲ್ಲೈತಿ?"

"ಬಾಜೂ ಮನ್ಯಾಗ."

"ಅಲ್ಲೇನ್ ಮಾಡತೈತಿ?"

"ಏನ್ ಮಾಡತೈತಿ? ದಿನಾ ಮಧ್ಯಾಹ್ನ ಹೋಗಿ ಅವ್ರ ಕಾಯಿಪಲ್ಯ ಹೆಚ್ಚಿಕೊಟ್ಟು ಬರ್ತೀನಿ. ಕೈ ಸುಮ್ನ ಕುಂದರಬೇಕಲ್ಲ?"

ಬೇಲಿಯಾಚೆ ನಿಂತಿದ್ದ ತೆಲುಗಿನ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು.

ಇವರು ಹಂಚು ಹಿಡಿದುಕೊಂಡು ಅಟ್ಟದಿಂದಲೇ ಕೂಗಿದರು: "ಅವ್ರ ಮನೀದು ಹೆಚ್ಚಿ ಬರ್ತಿದ್ದಿಯಲ್ಲಾ, ಹದಿನೈದು ದಿನ ನಮ್ಮ ಮನೀದು ಯಾಕ ಹೆಚ್ಚಲಿಲ್ಲ?"

ಅತ್ತೆ ತಲೆಯೆತ್ತಿ ಮಗನನ್ನು ಪ್ರೀತಿಯಿಂದಲೇ ನೋಡಿದರು.

"ನಿನ್ನ ಪರೀಕ್ಷಾ ಕೆಡತಿತ್ತಲ್ಲೋ ನನ ಮಗನ."