ಏಳನೇ ಕೋಣೆಯ ಸ್ಮಾರ್ಟ್ ಬೋರ್ಡಿಗೆ, ಕರಿಹಲಗೆ ಒರೆಸುತ್ತಿದ್ದವನಿಂದ

ಮಾನ್ಯ ಸ್ಮಾರ್ಟ್ ಬೋರ್ಡ್ ಅವರೇ,

ನಮ್ಮ ಕಾಲೇಜಿನ ಏಳನೇ ನಂಬರಿನ ಕೋಣೆಯ ಗೋಡೆಯನ್ನು ಅಲಂಕರಿಸಿ ಇಂದಿಗೆ ಮೂರು ವಾರ ಪೂರೈಸಿರುವ ತಮಗೆ, ಅದೇ ಗೋಡೆಯ ಕರಿಹಲಗೆಯನ್ನು ಇಪ್ಪತ್ತಾರು ವರ್ಷ ಒರೆಸಿದ ಅಟೆಂಡರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮಗೆ ಧೂಳು ಸೋಕದಿರಲೆಂದು ಕಿಟಕಿಗೆ ಪರದೆಯನ್ನೂ, ಸೆಕೆಯಾಗದಿರಲೆಂದು ಎರಡು ಹೊಸ ಫ್ಯಾನುಗಳನ್ನೂ ಹಾಕಿಸಿರುವುದರಿಂದ ತಾವು ಕ್ಷೇಮವೆಂದೇ ಭಾವಿಸುತ್ತೇನೆ. ಮಕ್ಕಳು ಬೆವರಿದಾಗ ಯಾರಿಗೂ ಹೊಳೆಯದ ಫ್ಯಾನು ತಮ್ಮ ಪಾದಸ್ಪರ್ಶದಿಂದ ಬಂತು. ಈ ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿರುವುದು ತಮ್ಮ ಮಾನ ಕಳೆಯಲಿಕ್ಕಲ್ಲ, ತಮ್ಮ ವಿಳಾಸ ನನಗೆ ಗೊತ್ತಿಲ್ಲದ್ದರಿಂದ.

ಒಂದು ಗಂಟೆಯ ಪಾಠವನ್ನು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅಳಿಸುವ ವೈಖರಿಯನ್ನು ಎಷ್ಟು ಹೊಗಳಿದರೂ ಸಾಲದು. ನನಗಾದರೋ ಅದಕ್ಕೆ ಏಳು ನಿಮಿಷ ಹಿಡಿಯುತ್ತಿತ್ತು. ಒರೆಸಲು ಒಂದೂವರೆ ನಿಮಿಷ, ಓದಲು ಐದೂವರೆ. ಇದನ್ನು ಈ ದಿನ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಹೈಸ್ಕೂಲು ದಾಟದ ನಾನು ಚರಿತ್ರೆ, ಪ್ರಾಣಿಶಾಸ್ತ್ರ, ತತ್ತ್ವಶಾಸ್ತ್ರ, ವ್ಯವಹಾರ ನಿರ್ವಹಣೆ ಎಲ್ಲವನ್ನೂ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ಕಲಿತೆ.

ಕಲಿತದ್ದನ್ನು ನಾನೊಬ್ಬನೇ ಇಟ್ಟುಕೊಂಡವನಲ್ಲ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ನನ್ನವಳು, "ಇವತ್ತು ಬೋರ್ಡ್ ಮೇಲೆ ಏನಿತ್ತು ರೀ?" ಎಂದು ಕೇಳುತ್ತಿದ್ದಳು. ಮದುವೆಯ ಗಡಿಬಿಡಿಯಲ್ಲಿ ಹತ್ತನೇ ತರಗತಿಗೇ ಓದು ಬಿಟ್ಟಿದ್ದ ಅವಳು, ಮಗಳು ಗಂಡನ ಮನೆ ಸೇರಿದ ಮೇಲೆ, ಮನೆಯಲ್ಲೇ ಓದಿ ಬರೆಯುವ ಪದವಿ ಪರೀಕ್ಷೆಗೆ ಕಟ್ಟಿದ್ದಾಳೆ. ಪುಸ್ತಕವಿಲ್ಲವೇ ಎಂದು ತಾವು ಕೇಳಬಹುದು. ಇವೆ, ಒಂದು ಟ್ರಂಕು ತುಂಬ ಇವೆ. ಆದರೆ ಅವಳ ಪ್ರಕಾರ ಪುಸ್ತಕ ಓದಿದರೆ ನಿದ್ದೆ ಬರುತ್ತದೆ, ನಾನು ಹೇಳಿದರೆ ಜಗಳ ಬರುತ್ತದೆ, ಜಗಳವಾಡಿದ್ದು ಮಾತ್ರ ಮರೆಯುವುದಿಲ್ಲ.

ನನ್ನ ಪಾಠಗಳು ಅಚ್ಚುಕಟ್ಟಾಗಿದ್ದವೆಂದು ಹೇಳಲಾರೆ. ಅವಸರದಲ್ಲಿ ಅರ್ಧ ಹಲಗೆ ಒರೆಸಿದ ದಿನಗಳಲ್ಲಿ ಮೇಲಿನರ್ಧ ಒಬ್ಬರ ವಿಷಯ, ಕೆಳಗಿನರ್ಧ ಇನ್ನೊಬ್ಬರದು ಆಗಿಬಿಡುತ್ತಿತ್ತು. ತತ್ತ್ವಶಾಸ್ತ್ರದ ಮೇಷ್ಟ್ರು "ನಾನು ಯಾರು?" ಎಂದು ಬರೆದು ಹೋದ ಕೆಳಗೆ ಪ್ರಾಣಿಶಾಸ್ತ್ರದ ಮೇಡಂ "ಬೆನ್ನೆಲುಬಿಲ್ಲದ ಜೀವಿ" ಎಂದು ಆರಂಭಿಸಿದ್ದರು. ಅದನ್ನು ಹಾಗೆಯೇ ಹೇಳಿದಾಗ ನನ್ನವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಉತ್ತರ ಸರಿಯಾಗಿದೆ ಎಂದಳು. ಮಾರಾಟದ ಪಾಠ ಬೆರೆತ ಇನ್ನೊಂದು ದಿನದ ಫಲವಾಗಿ, ಕೋಟೆಯೊಳಗಿದ್ದ ಅರಸ ಗ್ರಾಹಕರ ಅಗತ್ಯಗಳನ್ನು ಅರಿಯದೆ ಸೋತನೆಂದು ಅವಳು ಚರಿತ್ರೆಯ ಪತ್ರಿಕೆಯಲ್ಲಿ ಬರೆದು ಬಂದಳು. ಹತ್ತಕ್ಕೆ ಎಂಟು ಅಂಕ ಕೊಟ್ಟ ಆ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಉಳಿದಿರುವುದು ಅರ್ಥಶಾಸ್ತ್ರವೊಂದೇ. ಎರಡು ಸಲ ನಾಲ್ಕೈದು ಅಂಕಗಳಲ್ಲಿ ಕೈಕೊಟ್ಟಿದೆ. ಬರುವ ಇಪ್ಪತ್ತನೇ ತಾರೀಖು ಕೊನೆಯ ಅವಕಾಶ, ತಪ್ಪಿದರೆ ನಿಯಮದ ಪ್ರಕಾರ ಮೊದಲ ವರ್ಷದಿಂದ ಪುನಃ ಶುರು. ಇಂಥ ಹೊತ್ತಿನಲ್ಲಿ ತಾವು ದಯಮಾಡಿಸಿದಿರಿ. ಬೇಡಿಕೆಯ ರೇಖೆ ಮೇಲಿನಿಂದ ಇಳಿದು ಬರುವುದನ್ನು ಬಾಗಿಲ ಸಂದಿಯಿಂದ ಕಂಡೆ. ಪೂರೈಕೆಯ ರೇಖೆ ಅದನ್ನು ಎಲ್ಲಿ ಸಂಧಿಸಿತೆಂದು ನೋಡಲು ಒಳಗೆ ಬರುವಷ್ಟರಲ್ಲಿ ತಾವು ಬೆಳ್ಳಗಾಗಿದ್ದಿರಿ. ಮೇಷ್ಟ್ರು ಒಳ್ಳೆಯವರು, ಅಳಿಸದೆ ಬಿಟ್ಟು ಹೋಗುತ್ತೇನೆಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅವರು ಬಿಟ್ಟು ಹೋದ ಮರುಕ್ಷಣವೇ ತಾವು ತಾವಾಗಿಯೇ ನಿದ್ದೆ ಹೋದಿರಿ.

ಕಳೆದ ವಾರ ನನ್ನವಳು ಎಂದಿನಂತೆ ಕೇಳಿದಾಗ, ಬರಿಗೈಯಲ್ಲಿ ಬಂದೆನೆನ್ನಲು ಬಾಯಿ ಬಾರದೆ, ನಾನೇ ಒಂದು ಪಾಠ ಕಟ್ಟಿ ಹೇಳಿದೆ. ಅವಳು ಅದನ್ನು ಶ್ರದ್ಧೆಯಿಂದ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು, ಒಂದು ಸಲವೂ ಜಗಳವಾಡಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಬೆಳಿಗ್ಗೆ ಎದ್ದು ನಿಜ ಹೇಳಿ ಆ ಪುಟವನ್ನು ಹರಿದು ಹಾಕಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಅಳಿಸುವಾಗ ಎಡದಿಂದ ಬಲಕ್ಕೆ, ಸೊಂಟನೋವಿರುವವರಂತೆ ನಿಧಾನವಾಗಿ ಅಳಿಸಬೇಕು. ಅರ್ಥಶಾಸ್ತ್ರವಿರುವ ಗುರುವಾರಗಳಂದು ಸಣ್ಣಗೆ ಜ್ವರ ಬರಿಸಿಕೊಂಡು ರಜೆ ಹಾಕಬೇಕು. ಇದಾವುದೂ ಆಗದಿದ್ದರೆ, ಗ್ರಂಥಾಲಯದ ಹಿಂದೆ ಶಿಕ್ಷೆಗೊಳಗಾದ ಹುಡುಗನಂತೆ ಗೋಡೆಗೆ ಮುಖ ಮಾಡಿ ನಿಂತಿರುವ ಹಳೆಯ ಕರಿಹಲಗೆಗೆ ತಮ್ಮ ಜಾಗವನ್ನು ಇಪ್ಪತ್ತನೇ ತಾರೀಖಿನವರೆಗೆ ಬಿಟ್ಟುಕೊಟ್ಟು ತಾವು ಅಲ್ಲಿ ನಿಲ್ಲಬೇಕು. ಗಾಳಿ ಚೆನ್ನಾಗಿದೆ, ಫ್ಯಾನು ಬೇಕಾಗುವುದಿಲ್ಲ.

ಇಂತು, ಹೆಗಲ ಮೇಲಿನ ಬಟ್ಟೆಯನ್ನು ಇನ್ನೂ ಕೆಳಗಿಡದ
ತಮ್ಮ ವಿಶ್ವಾಸಿ,
ಅಟೆಂಡರ್

ತಾ.ಕ.: ಇದನ್ನು ಅಂಟಿಸುವ ಮೊದಲು ನನ್ನವಳಿಗೆ ಓದಿ ಹೇಳಿದೆ. "ಗೋಡೆಗೆ ಕಾಗದ ಬರೀತಾ ಕೂತ್ರೆ ನಾನು ಪಾಸಾದ ಹಾಗೇ" ಎಂದವಳೇ ಸೀರೆ ಬದಲಿಸಿ ನೇರ ಪ್ರಾಂಶುಪಾಲರ ಬಳಿ ಹೋಗಿ, ಅರ್ಥಶಾಸ್ತ್ರದ ತರಗತಿಯಲ್ಲಿ ಹಿಂದಿನ ಬೆಂಚಿಗೆ ಅನುಮತಿ ಬರೆಸಿಕೊಂಡು ಬಂದಳು. ಈ ಗುರುವಾರದಿಂದ ಸಂಜೆ ಬೋರ್ಡ್ ಮೇಲೆ ಏನಿತ್ತೆಂದು ಕೇಳುವ ಸರದಿ ನನ್ನದು. ತಮ್ಮ ಹಿತೈಷಿಯಾಗಿ ಒಂದು ಮಾತು: ಅವಳ ಪ್ರಶ್ನೆಗಳ ಮೇಲೆ ಆ ಅಳಿಸುವ ಗುಂಡಿಯನ್ನು ಪ್ರಯೋಗಿಸಲು ಹೋಗಬೇಡಿ. ಮೂವತ್ತು ವರ್ಷದಿಂದ ನಾನು ಹುಡುಕುತ್ತಿದ್ದೇನೆ, ಅಂಥ ಗುಂಡಿ ಇಲ್ಲ.