ಎರಡು ಬಾಗಿಲು, ಒಂದೇ ಹೆಸರು

“ಬಾಗಿಲು ಕೇಳ್ತೀಯ, ಬಾಗಿಲೇ ಕೊಟ್ಟಿದೀನಿ. ಇನ್ನೇನು ಕಿಟಕಿ ಕೊಡ್ಲಾ?”

ಕೇಳಿದವನು ಸಾಧು, ಎದುರಿಗಿದ್ದದ್ದು ಕಂಪ್ಯೂಟರ್ ಮಾತ್ರ. ಸಾಧು ಅನ್ನೋದು ಯಾರಿಗೂ ಎದುರಾಡದ್ದಕ್ಕೆ ಆಫೀಸು ಅವನಿಗಿಟ್ಟ ಅಡ್ಡಹೆಸರು. ಲಿಫ್ಟು ನಡೆಸುವ ಕೋಡು ಬರೆಯುವ ಕೆಲಸ ಅವನದು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೆಳಗಿನಿಂದ ಒಂದೇ ಪಲ್ಲವಿ ಹಿಡಿದಿತ್ತು: ‘ಬೇಕಾದದ್ದು ಬಾಗಿಲು, ಸಿಕ್ಕಿದ್ದು ಬಾಗಿಲು, ಎರಡೂ ಬೇರೆ.’ ಈ ಕೆಲಸ ಮುಗಿದರೆ ಮಾತ್ರ ರಜೆ ಎಂದಿದ್ದರು ಸಾಹೇಬರು. ಅಕ್ಕನಿಗೆ ಮಗು ಹುಟ್ಟಿತ್ತು. ಸಂಜೆಯ ರೈಲು ಹಿಡಿಯಬೇಕಿತ್ತು.

“ಮಗುಗೆ ಮೀಸೆ ಬಂದ್ಮೇಲೆ ಬರ್ತೀಯೇನೋ?” ಎಂದು ಅಕ್ಕ ಫೋನಿನಲ್ಲೇ ಚುಚ್ಚಿದ್ದಳು.

ಅವನ ಗೊಣಗಾಟ ಕೇಳಿ ಆಫೀಸು ಬೆಲ್ಲಕ್ಕೆ ಇರುವೆಯಂತೆ ಮುತ್ತಿತು. ಪಕ್ಕದ ಮೇಜಿನ ಬೋಳುತಲೆಯವ, “ಆಫ್ ಮಾಡಿ ಆನ್ ಮಾಡು ಮಾರಾಯ,” ಎಂದು ತಾನೇ ಸ್ವಿಚ್ಚು ಒತ್ತಿದ. ಬರೆದದ್ದರಲ್ಲಿ ಅರ್ಧ ಆವಿಯಾಯಿತು. ಲೆಕ್ಕದ ಮೇಡಂ, “ಬಾಗಿಲು ಬೇಡ, ಕದ ಅಂತ ಹೆಸರಿಡಪ್ಪ,” ಎಂದರು. ಇಟ್ಟ. ಒಂದೇ ಇದ್ದ ತಪ್ಪು ಬೆಕ್ಕಿನಂತೆ ಮರಿಹಾಕಿತು.

ಹಳೆಯ ಹೆಸರನ್ನೇ ಮರಳಿಸಿ, ಊಟ ಬಿಟ್ಟು ಹುಡುಕಿದಾಗ ಗುಟ್ಟು ಸಿಕ್ಕಿತು. ಬಾಗಿಲನ್ನು ವಿವರಿಸುವ ಪ್ಯಾಕೇಜಿನ, ಅಂದರೆ ಸಿದ್ಧ ಕೋಡಿನ ಕಟ್ಟಿನ, ಹಳೆಯ ಆವೃತ್ತಿಯನ್ನು ಲಿಫ್ಟು ಓಡಿಸುವ ಭಾಗ ತಂದುಕೊಂಡಿತ್ತು. ಹೊಸದನ್ನು ಗಂಟೆ ಬಾರಿಸುವ ಭಾಗ. ಬೇರೆ ಬೇರೆ ಕಂಪೈಲ್ ಆಗಿ ಬಂದ ಎರಡು ಬಾಗಿಲಿಗೂ ಹೆಸರು ಒಂದೇ. ಕಂಪೈಲರ್ ಬರೀ ಹೆಸರಿಗೆ ಮರುಳಾಗುವುದಿಲ್ಲ. ಯಾವ ಪ್ಯಾಕೇಜು, ಯಾವ ಆವೃತ್ತಿ, ಅದರೊಳಗೆ ಯಾವ ಜಾಗ, ಎಲ್ಲವನ್ನೂ ಅರೆದು ಒಂದು ಗುರುತಿನ ಸಂಖ್ಯೆ ಮಾಡಿಟ್ಟುಕೊಳ್ಳುತ್ತದೆ. ಸಂಖ್ಯೆ ಬೇರೆಯಾದರೆ ಬಾಗಿಲೂ ಬೇರೆ.

“ಏನು ಬಿಂಕ ಇದಕ್ಕೆ! ಆಫೀಸಿಗೆ ನಾನು ಬರೆದುಕೊಟ್ಟ ರಜೆ ಪ್ರೋಗ್ರಾಂ ನೋಡಿ, ಹೆಸರು ಹೇಳಿದ್ರೆ ಸಾಕು. ಊರು ಮನೆ ಕೇಳಲ್ಲ,” ಎನ್ನುತ್ತ ಸಾಧು ಎರಡು ಭಾಗಕ್ಕೂ ಒಂದೇ ಆವೃತ್ತಿ ಕೊಟ್ಟ. ಕಂಪೈಲರ್ ತೆಪ್ಪಗಾಯಿತು.

ಕೊಟ್ಟ ಮಾತಿನಂತೆ ಸಾಹೇಬರು ಅದೇ ಪ್ರೋಗ್ರಾಮಿನಲ್ಲಿ ಸಾಧುವಿನ ನಿಜವಾದ ಹೆಸರು ಹಾಕಿ ರಜೆಯ ಗುಂಡಿ ಒತ್ತಿದರು. ರಜೆ ಮಂಜೂರಾದ ಸಂದೇಶ ಸಾಧುವಿನ ಫೋನಿಗೆ ಬರಲೇ ಇಲ್ಲ. ಬಡಿದುಕೊಂಡದ್ದು ಸಾಹೇಬರ ಫೋನು. ಮಾತಾಡಿದವನು ಇನ್ನೊಂದು ಶಾಖೆಯ ಗುಮಾಸ್ತ. ಸಾಧುವಿನ ಆ ನಿಜವಾದ ಹೆಸರೇ ಅವನದೂ.

“ಕೇಳದೇನೇ ರಜೆ ಕೊಟ್ರಲ್ಲ ಸಾರ್! ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಆಗಲೇ ಬಸ್ ಹತ್ತಿಬಿಟ್ಟೆ!”

ಸಾಹೇಬರು ಮತ್ತೊಮ್ಮೆ ಒತ್ತಿದರು. ‘ಈ ಹೆಸರಿನವರು ಆಗಲೇ ರಜೆಯಲ್ಲಿದ್ದಾರೆ’ ಎಂದಿತು ಪರದೆ.

“ಯಾರಯ್ಯ ಇದನ್ನ ಬರೆದ ಮಹಾನುಭಾವ?”

ಸಾಧು ತನ್ನ ಚಪ್ಪಲಿಯನ್ನೇ ನೋಡಿಕೊಂಡ. “ಬಾಯ್ಮಾತಲ್ಲೇ ಒಂದು ಹೂಂ ಅಂದ್ಬಿಡಿ ಸಾರ್, ಹೊರಟುಬಿಡ್ತೀನಿ. ರೈಲಿಗಿನ್ನೂ ಹೊತ್ತಿದೆ.”

“ರಜೆಯಲ್ಲಿರೋನಿಗೆ ಇನ್ನೊಂದು ರಜೆ ಹೇಗಯ್ಯ ಕೊಡ್ಲಿ?” ಎಂದರು ಸಾಹೇಬರು. “ಆಗೋದೇ ಇಲ್ಲ.”