ಅಜ್ಜನ ಉಬ್ಬಿದ ಕೆನ್ನೆ

ಮಗಳು ಮಕ್ವಾಲಾ ತಾನು ಮೆಚ್ಚಿದ ಹುಡುಗನ ವಿಷಯ ಎತ್ತಿದಾಗ ಒಟಿಯಾ ಟುಗುಷಿ ಶಾಂತವಾಗಿಯೇ ಕೇಳಿಸಿಕೊಂಡ. ಹುಡುಗನ ಹೆಸರು ಗೋಚಾ ಎಂದಳು, ಒಳ್ಳೆಯ ಹೆಸರು ಎಂದ. ತಲೆಗೂದಲು ಸ್ವಲ್ಪ ಕಮ್ಮಿ ಎಂದಳು, ಇರಲಿ ಎಂದ. ಹಲ್ಲಿನ ಡಾಕ್ಟರು ಎಂದಳು, ಆ ಕೆಲಸವನ್ನೂ ಯಾರಾದರೂ ಮಾಡಬೇಕಲ್ಲ ಎಂದ. ಕೊನೆಗೆ ಅವಳು ಉಪ್ಪಿನ ಬಟ್ಟಲನ್ನು ಅತ್ತ ಇತ್ತ ಸರಿಸುತ್ತ, "ಇನ್ನೊಂದು ವಿಷ್ಯ ಇದೆ ಅಪ್ಪ. ಗೋಚಾಗೆ ಹಾಡೋಕೆ ಬರಲ್ಲ" ಎಂದಳು.

ಬಾಯಿಯತ್ತ ಹೊರಟಿದ್ದ ಮೆಕ್ಕೆಜೋಳದ ರೊಟ್ಟಿ ಅರ್ಧದಾರಿಯಲ್ಲೇ ನಿಂತಿತು.

"ಬರಲ್ಲ ಅಂದ್ರೇನು? ಮೇಲಿನ ದನಿ ಬರಲ್ವೋ, ನಡುವಿನ ದನಿ ಬರಲ್ವೋ?"

"ಎರಡೂ ಬರಲ್ಲ."

"ಹಾಗಾದ್ರೆ ಮಂದ್ರ ಹಾಡ್ತಾನೆ ಅನ್ನು."

"ಅದೂ ಬರಲ್ಲ ಅಪ್ಪ."

"ಮಂದ್ರ ಎಲ್ಲರಿಗೂ ಬರತ್ತೆ ಕಣೆ. ನಮ್ಮ ಎಮ್ಮೆಗೂ ಬರತ್ತೆ."

"ಅವನಿಗೆ ಬರಲ್ಲ. ಅವನೇ ಹೇಳಿದ, ಮೊದಲನೇ ಸಲ ಸಿಕ್ಕಾಗಲೇ."

ಒಟಿಯಾಗೆ ಎದೆಯ ಮೇಲೆ ಯಾರೋ ಬೀಸುಕಲ್ಲು ಇಟ್ಟಂತಾಯಿತು. ಹುಡುಗ ಕುಡಿಯುತ್ತಾನೆ ಎಂದಿದ್ದರೆ ತಡೆದುಕೊಳ್ಳುತ್ತಿದ್ದ. ಕುಡಿಯುವುದಿಲ್ಲ ಎಂದಿದ್ದರೂ ಕಷ್ಟಪಟ್ಟು ತಡೆದುಕೊಳ್ಳುತ್ತಿದ್ದ. ಹಾಡಲು ಬರುವುದಿಲ್ಲವೆಂಬ ಮಾತನ್ನು, ಅದೂ ಟುಗುಷಿಗಳ ಮನೆಯಲ್ಲಿ, ಅದೂ ಅಜ್ಜನ ಚಿತ್ರದ ಕೆಳಗೆ ಕೂತು ಹೇಳುವುದೆಂದರೆ!

ನಿಮಗೆ ಇದು ನಗೆಯ ಸಂಗತಿ ಅನ್ನಿಸಬಹುದು. ಗೂರಿಯಾದ ಗುಡ್ಡಗಳಲ್ಲಿ ಅಲ್ಲ. ಅಲ್ಲಿ ಮೂವರು ಗಂಡಸರು ಒಂದು ಮೇಜಿಗೆ ಕೂತರೆ ಮೂರು ದನಿ ಏಳಲೇಬೇಕು: ಮೇಲೊಂದು, ನಡುವೊಂದು, ಕೆಳಗೆ ಎಲ್ಲವನ್ನೂ ಹೊತ್ತುಕೊಳ್ಳುವ ಮಂದ್ರ. ಟುಗುಷಿಗಳಿಗಂತೂ ಮುತ್ತಜ್ಜನ ಕಾಲದಿಂದ ಬಂದ ತಮ್ಮದೇ ಒಂದು ಹಾಡಿತ್ತು. ಅದರ ಮಂದ್ರ ಹಿರಿಯ ಮಗನ ಹಕ್ಕು. ಅಜ್ಜ ಹಾಡಿದ್ದ, ಅಪ್ಪ ಹಾಡಿದ್ದ, ಈಗ ಒಟಿಯಾ ಹಾಡುತ್ತಿದ್ದ. ಗೋಡೆಯ ಮೇಲಿನ ಹಳೆಯ ಫೋಟೋದಲ್ಲಿ ಅಜ್ಜ ಹಾಡುಗಾರರ ನಡುವೆ ಕೂತಿದ್ದಾನೆ. ಕಣ್ಣು ಹೊರಬಂದಿದೆ, ಕೆನ್ನೆ ಎರಡೂ ಕುಂಬಳಕಾಯಿಯ ಹಾಗೆ ಉಬ್ಬಿವೆ. "ನೋಡಿ, ಹಾಡಿನ ರಭಸ ಅಂದ್ರೆ ಇದು" ಎಂದು ಒಟಿಯಾ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಅಂಚೆಯವನಿಗೂ ತೋರಿಸಿದ್ದ.

ಒಟಿಯಾ ಮಂದ್ರಕ್ಕೆ ಕೂರುವ ಜಾಗವನ್ನು ಅಪ್ಪನೇ ಗೊತ್ತು ಮಾಡಿದ್ದ: ಬಲಕ್ಕೆ ತಮ್ಮ ಅಮಿರಾನ್, ಎಡಕ್ಕೆ ಚಿಕ್ಕಪ್ಪನ ಮಗ ಕಾರ್ಲೋ. ಇಬ್ಬರೂ ಕೋಣದಂಥ ಗಂಟಲಿನವರು, ಅವನ ಜೊತೆ ಮಂದ್ರ ಹಿಡಿಯುವವರು. (ಪ್ರತಿ ಔತಣದ ಮರುದಿನ ಇಬ್ಬರೂ ಗಂಟಲು ಕಟ್ಟಿಕೊಂಡು ಜೇನುತುಪ್ಪ ನೆಕ್ಕುತ್ತ ಕೂರುತ್ತಿದ್ದರು. ತನಗೆ ಮಾತ್ರ ಏನೂ ಆಗುವುದಿಲ್ಲವಲ್ಲ ಎಂದು ಒಟಿಯಾಗೆ ಒಳಗೊಳಗೇ ಹೆಮ್ಮೆ.) ಸಾಲದ್ದಕ್ಕೆ ಊರಿನ ಯಾವ ಔತಣವಾದರೂ ಅವನೇ ಟಮಾಡಾ, ಅಂದರೆ ಪಂಕ್ತಿಯ ಯಜಮಾನ. ಟಮಾಡಾ ಎದ್ದು ನಿಂತು ಮಾತಾಡಿ, ಕೊಂಬಿನ ತುಂಬ ವೈನು ಎತ್ತಿ, ಎಲ್ಲರೂ ಅದನ್ನು ತಳ ಕಾಣುವವರೆಗೆ ಕುಡಿದರೆ ಆ ಮಾತು ಕಲ್ಲಿನಲ್ಲಿ ಕೆತ್ತಿದ ಹಾಗೆ. ಹಿಂತೆಗೆಯುವಂತಿಲ್ಲ. ಒಮ್ಮೆ ಮಾತಿನ ಹುಮ್ಮಸ್ಸಿನಲ್ಲಿ ಒಟಿಯಾ ಕಾರ್ಲೋನ ಹಂದಿಗೂ ದೀರ್ಘಾಯುಷ್ಯ ಕೋರಿಬಿಟ್ಟಿದ್ದ. ಹೊಸವರ್ಷಕ್ಕೆ ಕೊಯ್ಯಬೇಕೆಂದಿದ್ದ ಆ ಹಂದಿಯನ್ನು ಕಾರ್ಲೋ ಅದು ಮುಪ್ಪಾಗಿ ತಾನಾಗಿ ಸಾಯುವವರೆಗೂ ಸಾಕಬೇಕಾಯಿತು.

"ಅವಳು ಮದ್ವೆ ಆಗ್ತಿರೋದು ಹಲ್ಲಿನ ಡಾಕ್ಟರನ್ನ, ಕೋಗಿಲೆಯನ್ನಲ್ಲ" ಎಂದಳು ಹೆಂಡತಿ ಜುಜುನಾ.

"ನಾಳೆ ಮಕ್ಕಳಾದ್ರೆ ಅವಕ್ಕೆ ಯಾರ ಗಂಟಲು ಬರತ್ತೆ? ಇಷ್ಟು ತಲೆಮಾರಿನ ಶುದ್ಧ ಸಂಗೀತದ ರಕ್ತಕ್ಕೆ ನೀರು ಬೆರೆಸಬೇಕಾ?"

ಒಲೆಯ ಹತ್ತಿರ ಕೂತಿದ್ದ ಅವನ ತಾಯಿ ಬಾಬುತ್ಸಾ ಜೋರಾಗಿ ಕೆಮ್ಮಿದಳು. ಜುಜುನಾ ಅತ್ತೆಯ ಮುಖ ನೋಡಿದಳು, ಅತ್ತೆ ಸೂರು ನೋಡಿದಳು.

ಅಷ್ಟರಲ್ಲಿ ಒಟಿಯಾಗೆ ಒಂದು ಅಮೋಘ ಉಪಾಯ ಹೊಳೆಯಿತು. ಬರುವ ಭಾನುವಾರ ರಾಜಧಾನಿಯ ವಸ್ತುಸಂಗ್ರಹಾಲಯದಿಂದ ತಾಮ್ತಾ ಎಂಬ ಹೆಣ್ಣುಮಗಳು ಮನೆತನದ ಹಾಡನ್ನು ಧ್ವನಿಮುದ್ರಿಸಿಕೊಳ್ಳಲು ಬರುವವಳಿದ್ದಳು.

"ಗೋಚಾನೂ ಬರ್ಲಿ. ನನ್ನ ಮೇಜಿಗೇ ಕೂತು ಮಂದ್ರ ಹಾಡ್ಲಿ. ಆಕೆ ಒಬ್ಬೊಬ್ಬರ ಕೊರಳಪಟ್ಟಿಗೂ ಒಂದೊಂದು ಪುಟ್ಟ ಮೈಕು ಸಿಕ್ಕಿಸ್ತಾಳಂತೆ, ಒಬ್ಬೊಬ್ಬರ ದನೀನೂ ಬೇರೆ ಬೇರೆಯಾಗಿ ಕೇಳಬಹುದಂತೆ. ಅವನ ಗಂಟಲು ಎಂಥದ್ದು ಅಂತ ಎಲ್ಲರೂ ಕೇಳ್ಲಿ. ಆಮೇಲೂ ನಿನಗೆ ಅವನೇ ಬೇಕು ಅನ್ನಿಸಿದ್ರೆ ಮಾತಾಡೋಣ."

ಜುಜುನಾಳ ಕೈಯಿಂದ ತಟ್ಟೆ ಜಾರಿ ಬಿತ್ತು.

"ಬೇರೆ ಬೇರೆಯಾಗಿ ಅಂದ್ರೆ? ಎಲ್ಲರದ್ದೂನಾ?"

"ಎಲ್ಲರದ್ದೂ."

"ರೀ, ಬೇಡ. ಆ ಹುಡುಗಿಗೆ ಬರಬೇಡ ಅಂತ ಹೇಳಿ. ಬೇಕಾದ್ರೆ ಮನೇಲಿ ಕಾಯಿಲೆ ಅನ್ನಿ."

"ನೋಡಿದ್ಯಾ? ಅಳಿಯನ ಬಣ್ಣ ಬಯಲಾಗತ್ತೆ ಅಂತ ನಿನಗೆ ಈಗಲೇ ಹೆದರಿಕೆ" ಎಂದು ಒಟಿಯಾ ಮೀಸೆ ತಿರುವಿದ. ಜುಜುನಾ ತಟ್ಟೆಯ ಚೂರುಗಳನ್ನು ಆರಿಸತೊಡಗಿದಳು.

ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಚೀಸು ತುಂಬಿದ ಬಿಸಿ ರೊಟ್ಟಿ, ಅಕ್ರೋಟಿನ ಗೊಜ್ಜಿನಲ್ಲಿ ಮುಳುಗಿದ ಕೋಳಿ, ಮಡಕೆಯಿಂದ ತೋಡಿದ ವೈನು. ಅಮಿರಾನ್‌ನ ಇಬ್ಬರು ಗಂಡುಮಕ್ಕಳು ಮೇಲಿನ ಎರಡು ದನಿಗಳಿಗೆ ಕೂತರು. ಮಂದ್ರಕ್ಕೆ ಅಮಿರಾನ್, ಒಟಿಯಾ, ಕಾರ್ಲೋ, ತುದಿಯಲ್ಲಿ ಗೋಚಾ. ಹುಡುಗ ಸಾಧು, ದುಂಡುಮುಖ. ಒಟಿಯಾ ಅವನನ್ನು ನೋಡಿದಾಗಲೆಲ್ಲ ಅವನು ಒಟಿಯಾನ ಹಲ್ಲು ನೋಡುತ್ತಿದ್ದ. ತಾಮ್ತಾ ಎಲ್ಲರಿಗೂ ಮೈಕು ಸಿಕ್ಕಿಸಿದಳು. ತನಗೆ ಬೇಡವೆಂದು ಗೋಚಾ ಕೈಮುಗಿದರೂ ಒಟಿಯಾ ಬಿಡಲಿಲ್ಲ.

ಹಾಡು ಎದ್ದಿತು. ಆಹಾ, ಒಟಿಯಾಗೆ ಅದು ಶುರುವಾದರೆ ಲೋಕವೇ ಬೇಡ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಗಂಟಲಲ್ಲಿ ಏನೋ ಬಿಸಿಯಾಗಿ ಉಕ್ಕುತ್ತದೆ, ಅಪ್ಪ ಅಜ್ಜ ಎಲ್ಲರೂ ಬೆನ್ನ ಹಿಂದೆ ನಿಂತಿದ್ದಾರೆ ಅನ್ನಿಸುತ್ತದೆ. ಅವನಷ್ಟು ಆ ಹಾಡನ್ನು ಪ್ರೀತಿಸಿದವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ, ಇದು ಮಾತ್ರ ದೇವರಾಣೆ ನಿಜ. ಅವನು ದನಿ ಏರಿಸಿದಷ್ಟೂ ಅಮಿರಾನ್ ಮತ್ತು ಕಾರ್ಲೋ ಬೆವರು ಸುರಿಸುತ್ತ ತಮ್ಮ ದನಿಯನ್ನೂ ಏರಿಸಿದರು. ಹಾಡು ಮುಗಿದಾಗ ಗಾಜಿನ ಲೋಟಗಳು ಇನ್ನೂ ಅದುರುತ್ತಿದ್ದವು.

"ಈಗ ಕೇಳಿಸಮ್ಮ, ಒಬ್ಬೊಬ್ಬರದ್ದಾಗಿ" ಎಂದ ಒಟಿಯಾ.

ಮೇಲಿನ ದನಿ ಬಂತು, ಗಾಳಿಯಲ್ಲಿ ಹಕ್ಕಿ ಹಾರಿದ ಹಾಗೆ. ನಡುವಿನ ದನಿ ಬಂತು. ಅಮಿರಾನ್‌ನದು ಬಂತು, ಗಟ್ಟಿ. ಕಾರ್ಲೋನದು ಬಂತು, ಇನ್ನೂ ಗಟ್ಟಿ. ಒಟಿಯಾ ತಲೆದೂಗುತ್ತ ಕೂತಿದ್ದ. ಆಮೇಲೆ ತಾಮ್ತಾ ಇನ್ನೊಂದು ಗುಂಡಿ ಒತ್ತಿದಳು.

ಅದನ್ನು ಹೇಗೆ ವರ್ಣಿಸೋಣ? ತುಕ್ಕು ಹಿಡಿದ ಗೇಟನ್ನು ಯಾರೋ ಕೆಸರಿನಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಹಾಡು ಮೇಲೆ ಹೋದಾಗ ಅದು ಕೆಳಗಿಳಿಯುತ್ತಿತ್ತು, ಹಾಡು ನಿಂತಾಗ ಅದೊಂದೇ ಮುಂದೆ ಹೋಗಿ ದಾರಿ ತಪ್ಪಿ ವಾಪಸು ಬರುತ್ತಿತ್ತು. ಮೇಜಿನ ಕೆಳಗಿದ್ದ ನಾಯಿ ಎದ್ದು ಹೊರಗೆ ಹೋಯಿತು. ಎಲ್ಲರೂ ತಟ್ಟೆ ನೋಡುತ್ತ ಕೂತರು.

ಒಟಿಯಾನ ಮುಖ ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು. "ನಿಲ್ಲಿಸು" ಎಂದ. ಎದ್ದು ನಿಂತು ಅಜ್ಜನ ಕಾಲದ ಕೊಂಬನ್ನು ಇಳಿಸಿ ತುಂಬಿಸಿದ.

"ರೀ, ಕೂತ್ಕೊಳ್ಳಿ" ಎಂದಳು ಜುಜುನಾ.

"ಅಣ್ಣ, ಆಮೇಲೆ ಮಾತಾಡೋಣ" ಎಂದ ಅಮಿರಾನ್.

"ಈಗಲೇ ಮಾತಾಡ್ತೀನಿ. ಬಂಧುಗಳೇ, ಹಾಡೋಕೆ ಬರದೇ ಇರೋದು ಪಾಪವಲ್ಲ. ಬರದವನು ಬಾಯಿ ಮುಚ್ಕೊಂಡು ಕೂತಿದ್ರೆ, ನಮ್ಮ ಹಾಡಿಗೆ ಮರ್ಯಾದೆ ಕೊಟ್ಟ ಅಂತ ಈ ಕ್ಷಣವೇ ಮಗಳನ್ನ ಕೊಟ್ಟುಬಿಡ್ತಿದ್ದೆ. ಆದ್ರೆ ಇಂಥ ಗಂಟಲು ಇಟ್ಕೊಂಡು ನಮ್ಮ ಹಿರಿಯರ ಹಾಡಿನ ಮೇಲೆ ಹೀಗೆ ದಾಳಿ ಮಾಡೋದು ಅಂದ್ರೆ ಕೊಲೆ. ಈ ಗಂಟಲಿನವನು ನನ್ನ ಜೀವ ಇರೋವರೆಗೂ ಟುಗುಷಿಗಳ ಮೇಜಿನಲ್ಲಿ ಬಾಯಿ ಬಿಟ್ಟು ಹಾಡಕೂಡದು. ಕುಡೀರಿ."

ಯಾರೂ ಕೈ ಎತ್ತಲಿಲ್ಲ. "ಕುಡೀರಿ" ಎಂದು ಟಮಾಡಾ ಗುಡುಗಿದ. ಕಾರ್ಲೋ ಮೊದಲು ಕುಡಿದ, ಕೊನೆಯ ಹನಿಯವರೆಗೆ, ಎಷ್ಟೋ ವರ್ಷಗಳ ಹಂದಿಯ ಮೇವನ್ನು ನೆನೆಯುತ್ತ. ಆಮೇಲೆ ಎಲ್ಲರೂ ಕುಡಿದರು. ಒಟಿಯಾ ಕೊಂಬನ್ನು ಬೋರಲು ಮಾಡಿ ತೋರಿಸಿ ಕೂತ.

"ಒಟಿಯಾ ಅವರೇ, ಇನ್ನೂ ಒಂದು ಮೈಕು ಉಳಿದಿದೆ" ಎಂದಳು ತಾಮ್ತಾ, ಕೇಳಿಸಿಯೂ ಕೇಳಿಸದ ಹಾಗೆ.

"ಉಳಿದಿರೋದು ನಂದು. ಹಾಕಮ್ಮ. ಎಲ್ಲರ ಕಿವಿ ತೊಳೆದ ಹಾಗಾಗತ್ತೆ."

ತಾಮ್ತಾ ಗುಂಡಿ ಒತ್ತಿದಳು. ನಿಶ್ಶಬ್ದ. ಯಾರೋ ಮೆಲ್ಲಗೆ ಉಸಿರಾಡುವ ಸದ್ದು. ಆಮೇಲೆ ಕೋಳಿಯ ಎಲುಬು ಕಡಿದ ಸದ್ದು.

"ಇದ್ಯಾರು?" ಎಂದ ಒಟಿಯಾ.

"ನಾನೇ, ಮಾವ" ಎಂದ ಗೋಚಾ. "ಬರೀ ತುಟಿ ಆಡಿಸ್ತಿದ್ದೆ. ನಡುವೆ ಸ್ವಲ್ಪ ಹಸಿವಾಯ್ತು."

ಒಟಿಯಾ ಬೆರಳು ಮಡಿಚಿ ಎಣಿಸಿದ. ತಮ್ಮನ ಮಗ, ಚಿಕ್ಕಪ್ಪನ ಮಗ ಎಂದೆಲ್ಲ ಗೊಂದಲವಾಗಿ ಮತ್ತೆ ಮೊದಲಿನಿಂದ ಎಣಿಸಿದ. ಎಷ್ಟು ಸಲ ಎಣಿಸಿದರೂ ಆ ಗೇಟು ಅವನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಮನುಷ್ಯನಿಗೆ ತನ್ನ ದನಿ ತನ್ನ ತಲೆಬುರುಡೆಯ ಒಳಗಿನಿಂದ ಕೇಳುತ್ತದೆ, ಅಲ್ಲಿ ಎಲ್ಲರೂ ಗಂಧರ್ವರೇ. ಹೊರಗಿನಿಂದ ಅವನು ಅದನ್ನು ಕೇಳಿದ್ದು ಇದೇ ಮೊದಲು.

"ನಿಮಗೆಲ್ಲ ಗೊತ್ತಿತ್ತಾ?" ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ಆ ಮನೆ ಕೇಳಿರಲಿಲ್ಲ.

"ನಿನಗೆ ಏಳು ವರ್ಷ ಆದಾಗ್ಲೇ ನಿಮ್ಮಪ್ಪಂಗೆ ಗೊತ್ತಾಯ್ತು ಕಣೋ" ಎಂದಳು ಬಾಬುತ್ಸಾ. "ಎರಡು ದಿನ ಊಟ ಬಿಟ್ಟ. ಆಮೇಲೆ ನಿನ್ನ ಬಲಕ್ಕೆ ಅಮಿರಾನ್‌ನ, ಎಡಕ್ಕೆ ಕಾರ್ಲೋನ ಕೂರಿಸಿದ. ಇವನು ಬಾಯಿ ಬಿಟ್ಟಾಗ ನೀವು ಕಿರುಚ್ರೋ ಅಂತ ಹೇಳಿಕೊಟ್ಟ."

"ಮತ್ತೆ ಊರಿನವರು ಪ್ರತೀ ಸಲ ನನ್ನನ್ನೇ ಟಮಾಡಾ ಮಾಡ್ತಿದ್ದದ್ದು?"

"ಮಾತಾಡ್ತಾ ಇರೋವಷ್ಟು ಹೊತ್ತು ನೀನು ಹಾಡಲ್ವಲ್ಲ ಅಂತ" ಎಂದ ಕಾರ್ಲೋ. ಅವನಿಗೆ ಆಗಲೇ ಗಂಟಲು ಕಟ್ಟಿತ್ತು.

ಒಟಿಯಾ ಹೆಂಡತಿಯ ಕಡೆ ತಿರುಗಿದ. "ಮದ್ವೆಗೆ ಮುಂಚೆ ನಿನ್ನ ಕಿಟಕಿ ಕೆಳಗೆ ನಿಂತು ಹಾಡಿದ್ನಲ್ಲ. ತಕ್ಷಣ ಓಡಿ ಬಂದು ಒಪ್ಪಿಗೆ ಅಂದ್ಯಲ್ಲ?"

"ನಮ್ಮಪ್ಪ ಒಳಗೆ ಬಂದೂಕು ಹುಡುಕ್ತಿದ್ರು ರೀ. ಬೇಗ ಒಪ್ಕೊಂಡ್ರೆ ನೀವು ನಿಲ್ಲಿಸ್ತೀರಿ ಅಂತ ಬಂದೆ" ಎಂದಳು ಜುಜುನಾ. ಆಮೇಲೆ ಅವನ ತಟ್ಟೆಗೆ ಒಂದು ತುಂಡು ಕೋಳಿ ಬಡಿಸಿ, "ಆಮೇಲೆ ಇಷ್ಟಾನೂ ಆದ್ರಿ ಬಿಡಿ" ಎಂದಳು. "ಈಗ ಮುಖ ಸಪ್ಪೆ ಮಾಡ್ಕೋಬೇಡಿ. ಬಾಯಿ ಮುಚ್ಕೊಂಡು ಕೂತವನಿಗೆ ಮಗಳನ್ನ ಕೊಡ್ತೀನಿ ಅಂದ್ರಿ, ಕೊಂಬು ಖಾಲಿಯಾಗಿದೆ. ಮದ್ವೆ ಯಾವಾಗ ಇಟ್ಕೊಳ್ಳೋಣ?"

ಮದುವೆ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಆಯಿತು. ಅಲ್ಲಿಯವರೆಗೆ ಒಟಿಯಾ ಕೊಟ್ಟಿಗೆಯಲ್ಲೂ ಗುನುಗಲಿಲ್ಲ. ಮೈಯಲ್ಲಿ ಜೀವವೇ ಇಲ್ಲದವನ ಹಾಗೆ ಓಡಾಡಿದ. ಹಾಡಲು ಬರುವುದಿಲ್ಲ ಎನ್ನುವುದಕ್ಕಿಂತ ಹಾಡಕೂಡದು ಎನ್ನುವುದು ಅವನನ್ನು ಕೊರೆಯುತ್ತಿತ್ತು. ಮದುವೆಯ ಮೇಜಿನಲ್ಲಿ ಮಂದ್ರದ ಜಾಗ ಬಿಟ್ಟುಕೊಡಲು ಹೊರಟವನನ್ನು ಗೋಚಾ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ.

"ಇಲ್ಲೇ ಕೂತ್ಕೊಳ್ಳಿ ಮಾವ. ತುಟಿ ಆಡಿಸೋದು ನಾನು ಹೇಳಿಕೊಡ್ತೀನಿ. ಬಾಯಿ ಪೂರ್ತಿ ತೆರೀಬೇಡಿ. ಪಕ್ಕದವರು ಉಸಿರು ತಗೊಂಡಾಗ ನೀವೂ ತಗೊಳ್ಳಿ. ಹುಬ್ಬು ಸ್ವಲ್ಪ ಮೇಲೆ ಎತ್ತಿದ್ರೆ ಯಾರಿಗೂ ಅನುಮಾನ ಬರಲ್ಲ."

ಹಾಡು ಎದ್ದಿತು. ಮಾವ ಅಳಿಯ ಇಬ್ಬರೂ ಹುಬ್ಬು ಏರಿಸಿ ತುಟಿ ಆಡಿಸಿದರು. ಮೊದಲ ಸುತ್ತು ಒಟಿಯಾ ತಡೆದುಕೊಂಡ, ಎರಡನೆಯದನ್ನೂ ಕಣ್ಣಲ್ಲಿ ನೀರು ತುಂಬಿಕೊಂಡು ತಡೆದ. ಮೂರನೆಯ ತಿರುವಿನಲ್ಲಿ, ಅಪ್ಪ ಕಣ್ಣು ಮುಚ್ಚುತ್ತಿದ್ದ ಅದೇ ಜಾಗದಲ್ಲಿ, ಅವನ ಕಣ್ಣೂ ಮುಚ್ಚಿತು. ಎದೆ ತುಂಬಿತು. ಬಾಯಿ ತಾನಾಗಿ ಅಗಲವಾಗಿ ತೆರೆಯಿತು.

ದನಿ ಇನ್ನೂ ಹೊರಟಿರಲಿಲ್ಲ, ಗೋಚಾ ಒಂದು ಇಡೀ ಮೆಕ್ಕೆಜೋಳದ ರೊಟ್ಟಿಯನ್ನು ಆ ಬಾಯಿಗೆ ತುರುಕಿದ. ಹಲ್ಲಿನ ಡಾಕ್ಟರ ಕೈ, ಗುರಿ ತಪ್ಪಲಿಲ್ಲ.

"ಒಳ್ಳೆ ಹುಡುಗ" ಎಂದಳು ಎದುರಿಗೆ ಕೂತಿದ್ದ ಬಾಬುತ್ಸಾ. "ನಮ್ಮತ್ತೆಯ ಕೈಯೂ ಹೀಗೇ ಚುರುಕಾಗಿತ್ತು. ನಾನು ಸೊಸೆಯಾಗಿ ಬಂದ ದಿನ ಮೊದಲು ಹೇಳಿಕೊಟ್ಟಿದ್ದೇ ಇದನ್ನ. ಮಾವ ಬಾಯಿ ತೆರೆದ ತಕ್ಷಣ ರೊಟ್ಟಿ ಹಾಕಬೇಕು ಅಂತ."

ಒಟಿಯಾ ಅಗಿಯುವುದನ್ನು ಮರೆತ. ಕಣ್ಣು ಮೆಲ್ಲಗೆ ಗೋಡೆಯ ಕಡೆ ಹೊರಳಿತು. ಅಲ್ಲಿ ಅಜ್ಜ ಹಾಡುಗಾರರ ನಡುವೆ ಕೂತಿದ್ದ, ಕಣ್ಣು ಹೊರಬಂದು, ಕೆನ್ನೆ ಎರಡೂ ಉಬ್ಬಿ. ಅಜ್ಜನ ಮೀಸೆಯ ತುದಿಯಲ್ಲಿ ಒಂದು ಬಿಳಿಯ ಚುಕ್ಕೆ ಇತ್ತು. ಇಷ್ಟು ವರ್ಷ ಅದನ್ನು ಕಾಗದದ ದೋಷ ಎಂದುಕೊಂಡಿದ್ದ.

ಅದೇ ಹೊತ್ತಿಗೆ ಮದುವೆಯ ಫೋಟೋದವನು ಫಕ್ಕನೆ ಬೆಳಕು ಚೆಲ್ಲಿದ.

ಆ ಚಿತ್ರವೂ ಈಗ ಅಜ್ಜನ ಪಕ್ಕದಲ್ಲೇ ತೂಗುತ್ತಿದೆ. ಮನೆಗೆ ಬಂದವರಿಗೆಲ್ಲ ಗೋಚಾನೇ ತೋರಿಸುತ್ತಾನೆ. "ನೋಡಿ, ಹಾಡಿನ ರಭಸ ಅಂದ್ರೆ ಇದು" ಎನ್ನುತ್ತಾನೆ. ಒಟಿಯಾ ಪಕ್ಕದಲ್ಲಿ ನಿಂತು ಹುಬ್ಬು ಸ್ವಲ್ಪ ಮೇಲೆತ್ತಿ ತುಟಿ ಆಡಿಸುತ್ತಾನೆ.